ಚಹರೆ ಗುರುತು

ನಾಲೆ ನಿಲ್ಲಿಸಿದ ನಾಲ್ಕನೇ ದಿನ
ಚೆಲುವರಾಜು ತಂದಿಟ್ಟ, ಆಫೀಸಿನ ಮೇಜಿನ ಮೇಲೆ,
ಉಪ್ಪಿನಕಾಯಿ ವಾಸನೆ ಇನ್ನೂ ಬಿಡದ ಬಾಟಲಿ.
ಒಳಗೆ ಏಳು ಮರಿ.
'ಹುಲಿಕೆರೆ ಸುರಂಗದ ಬಾಯಲ್ಲಿ, ಗುಂಡೀಲಿ ಸಿಕ್ಕವು ಮೇಡಂ,
ಬಿಟ್ಟಿದ್ರೆ ಕೊಕ್ಕರೆ ತಿನ್ನೋದು.'
ಒಂಬತ್ತನೇ ತರಗತಿಯಿಂದ ಆಚೆ ಕಳಿಸಿದ್ದರು ಅವನನ್ನು,
ಕೈಯೆಲ್ಲ ಕೆಸರೆಂದು.

ನಾನು ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ
ಮಕ್ಕಳ ಮುಖ ನೋಡಿ ಕಾಲಂ ತುಂಬಿದವಳು:
ಬಲಗೆನ್ನೆಯಲ್ಲಿ ಮಚ್ಚೆ. ಎಡ ಮೊಣಕೈಯಲ್ಲಿ ಸುಟ್ಟ ಕಲೆ.
ಏನೂ ಕಾಣದಿದ್ದರೆ, ತೋಳೆತ್ತು, ಕತ್ತು ತಿರುಗಿಸು ಎಂದು
ಎಳ್ಳುಕಾಳಿನಷ್ಟಾದರೂ ಹುಡುಕಿ ತೆಗೆದವಳು.
ಏಳು ಮೀನಿಗೆ ಸೋಲುತ್ತೇನೆಯೆ?

ಮಂಡ್ಯದ ಮನೆಯಲ್ಲಿತ್ತು ಗಾಜಿನ ತೊಟ್ಟಿ,
ಗೋಲ್ಡ್ ಫಿಶ್ ಸತ್ತ ಮೇಲೆ ಈರುಳ್ಳಿ ತುಂಬಿಟ್ಟದ್ದು.
ಸುರಿದೆ, ತೊಳೆದೆ. ನಲ್ಲಿ ನೀರಿನ ಔಷಧಿ ಹಾರಲೆಂದು
ಎರಡು ರಾತ್ರಿ ಕಾದೆ; ಅವು ಬಕೆಟ್ಟಿನಲ್ಲಿ ಕಾದವು.

ನೂರಡಿ ರಸ್ತೆಯ ಅಂಗಡಿಯವನಿಗೆ ಫೋಟೊ ತೋರಿಸಿದೆ.
'ಇದು ಯಾವುದೂ ಅಲ್ಲ ಅಕ್ಕ, ನಾಲೆ ಮೀನು' ಎಂದ.
ಅವನ ಹಿಂದೆ ಬೆಲೆಚೀಟಿ ಅಂಟಿಸಿಕೊಂಡು
ಯಾವ ಯಾವ ದೇಶದ್ದೋ ಈಜುತ್ತಿದ್ದವು.
ಎಲ್ಲಕ್ಕೂ ಹೆಸರಿತ್ತು.

ವಿಜ್ಞಾನದ ಮೇಷ್ಟ್ರ ಪುಸ್ತಕ ಕೇಳಿತು:
ಮೀಸೆ ಎಷ್ಟು ಜೊತೆ? ಪಕ್ಕೆಯ ಗೆರೆ
ಬಾಲದ ತನಕ ಹೋಗಿದೆಯೊ, ನಡುವೆ ನಿಂತಿದೆಯೊ?
ಗೆರೆಯ ಮೇಲೆ ಹುರುಪೆ ಎಷ್ಟು?
ಎಣಿಸಿದೆ. ಹದಿನೇಳಕ್ಕೆ ತಿರುಗಿತು.
ಮತ್ತೆ ಒಂದರಿಂದ. ಹನ್ನೊಂದಕ್ಕೆ ಇನ್ನೊಂದು ಅಡ್ಡ ಬಂತು.
ತಿಳಿದವರು ಕೊಂದು ಎಣಿಸುತ್ತಾರಂತೆ, ಬಿಳಿ ತಟ್ಟೆಯ ಮೇಲೆ.
ಭೂತಗನ್ನಡಿ ಕೆಳಗಿಟ್ಟೆ.

ಕರೆಂಟು ಹೋದ ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ
ಬಣ್ಣವೆಲ್ಲ ಇಳಿದಿತ್ತು, ಪಟ್ಟೆ ತೆಳುವಾಗಿತ್ತು,
ಮಲಗುವ ಮುಂಚೆ ಓಲೆ ಬಿಚ್ಚಿಟ್ಟ ಕಿವಿಗಳಂತೆ.

ಆದರೂ ಬರೆದು ಅಂಟಿಸಿದೆ. ಮೈಗೆ ಎರಡು ಕರಿಪಟ್ಟೆ ಇದ್ದ ಐದಕ್ಕೆ
ಒಂದು ಹೆಸರು. ಬಾಲದ ಬುಡದಲ್ಲಿ ಬೊಟ್ಟು ಮಾತ್ರ ಇದ್ದ
ದೊಡ್ಡವೆರಡಕ್ಕೆ ಇನ್ನೊಂದು.
ಲ್ಯಾಟಿನ್ ಕಾಗುಣಿತ ಎರಡು ಸಲ ತಿದ್ದಿ, ಕೆಂಪು ಶಾಯಿಯಲ್ಲಿ.

ಚೆಲುವರಾಜುವಿನ ಅಜ್ಜಿ ದೊಡ್ಡತಾಯಮ್ಮ
ಮೊಮ್ಮಗನ ವರಮಾನ ಪತ್ರಕ್ಕೆ ಬಂದವಳು ನಕ್ಕಳು:
'ಎಲ್ಲಾ ಗೆಂಡೆಮರಿ ಕಣವ್ವ.
ಸಾರಿಗಾಕು, ಮುಳ್ಳೇ ಹೇಳ್ತದೆ ಯಾವ್ದು ಅಂತ.'
ಅರವತ್ತು ವರ್ಷ ಮೀನು ಮಾರಿದ ಬೆರಳು ಗಾಜು ಮುಟ್ಟಿತು.
ಏಳೂ ಬೆರಳಿನ ಹತ್ತಿರ ಬಂದವು.
ಬಹಳ ಹೊತ್ತು ಕೂತಿದ್ದಳು. ಕಾಫಿ ಆರಿತು.
'ಪಕ್ಕದಿಂದ ನಾ ಯಾವತ್ತೂ ನೋಡೇ ಇರ್ಲಿಲ್ಲ ಇವುನ್ನ.
ಮೇಲಿಂದ್ಲೇ ನೋಡಿದ್ದು. ಬುಟ್ಟೀಲಿ.'

ಕಾರ್ತಿಕದ ಹೊತ್ತಿಗೆ ಐದರ ಮುಂದಿನ ಪಟ್ಟೆ ಅಳಿಯಿತು,
ಒದ್ದೆಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಹಾಗೆ,
ಆಮೇಲೆ ನಡುವಿನದು. ಉಳಿದದ್ದು ಬಾಲದ ಬೊಟ್ಟು.
ಇತ್ತ ದೊಡ್ಡವೆರಡರ ಬೆನ್ನುರೆಕ್ಕೆಯಿಂದ
ನೂಲಿನಂಥ ಎಳೆಗಳು ಹೊರಟವು.
ಏಳೂ ಒಂದೇ ಜಾತಿ.
ಪುಸ್ತಕ ಹೇಳಿಯೇ ಇತ್ತು, ಪುಟದ ಅಡಿಯಲ್ಲಿ:
'ಮರಿಗಳಲ್ಲಿ ಪಟ್ಟೆಗಳುಂಟು, ಬೆಳೆದಂತೆ ಮಾಯ.'
ಇರುವೆಯಂಥ ಅಕ್ಷರ. ನಾನು ಕನ್ನಡಕ ಬದಲಿಸಬೇಕಿತ್ತು.

ಚೀಟಿ ಕಿತ್ತೆ. ಅಂಟು ಅರ್ಧ ಉಳಿಯಿತು ಗಾಜಿನ ಮೇಲೆ.
ಹೊಸದರಲ್ಲಿ ಪೆನ್ಸಿಲ್ಲಿನಿಂದ ಇಷ್ಟೇ:
ಹುಲಿಕೆರೆ ಸುರಂಗದ ಬಾಯಿ,
ನಾಲೆ ನಿಂತ ನಾಲ್ಕನೇ ದಿನ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅರ್ಜಿ.
ಸಾಲಿನಲ್ಲಿ ಕೊನೆಗೆ ನಿಂತಿದ್ದ ಚೆಲುವರಾಜು.
'ಚಹರೆ ಗುರುತು?' ಎಂದು ತಲೆಯೆತ್ತಿದೆ.
ಹುಬ್ಬಿನ ಮೇಲಿದ್ದ ಗಾಯದ ಕಲೆ ಮಾಸಿದೆ.
ಮೂಗಿನ ಕೆಳಗೆ ಮೀಸೆ, ಒಂದು ಜೊತೆ,
ಇನ್ನೂ ಎಣಿಸಬಹುದಾದಷ್ಟು.

'ಅಲ್ಲಾಡಬೇಡ' ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ.