ತುದಿ

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಹಿಂದಿನ ಓಣಿ,
ಮುನೀರ್ ಸಾಹೇಬರ ರೇಷ್ಮೆ ಬಿಚ್ಚುವ ಷೆಡ್ಡು.
ಬಾಯ್ಲರಿನ ಬೆನ್ನಿಗೆ, ಹರಿದ ಗೋಣಿಯ ಮೇಲೆ
ಮಗಳು ಮುಬೀನಾ ಸಾಕಿದ ನೀಲಿ ಕಣ್ಣಿನ ಬೆಕ್ಕು,
ರ‍್ಯಾಗ್‌ಡಾಲ್ ಅಂತೆ ಜಾತಿ,
ಮೂರು ಮರಿ ಹಾಕಿತ್ತು ಬೆಳಗಿನ ಜಾವ.

ಮೂರೂ ಬಿಳಿ.
ಹಳದಿ ಗೂಡಿನ ರಾಶಿಯಲ್ಲಿ ತಪ್ಪಿ ಬಂದ
ಬೈವೋಲ್ಟಿನ್ ಗೂಡಿನ ಬಿಳಿ.
ಕಿವಿ ತಲೆಗಂಟಿ, ಕಣ್ಣು ಹೊಲಿದು,
ಹುಳುವೋ ಬೆಕ್ಕೋ ಹೇಳಲಾಗದು.
"ಇದೇನವ್ವಾ, ಅಮ್ಮನಿಗೆ ಮಸಿ ಮೂತಿ,
ಮಕ್ಕಳಿಗೆ ಸುಣ್ಣ ಬಳಿದವ್ರು ಯಾರು?"
ಅಂದಳು ಪಿಳ್ಳಮ್ಮ, ಬಟ್ಟಲಿಂದ ಕೈ ತೆಗೆಯದೆ.

"ತಡೀರಿ," ಎಂದಳು ಮುಬೀನಾ,
"ಹೊಟ್ಟೆಯೊಳಗೆ ಬೆಚ್ಚಗಿದ್ವಲ್ಲ, ಅದಕ್ಕೇ ಬಿಳಿ.
ಎಲ್ಲೆಲ್ಲಿ ಮೈ ತಣ್ಣಗಾಗುತ್ತೋ
ಅಲ್ಲಲ್ಲಿ ಬಣ್ಣ ಬರುತ್ತೆ. ತುದಿಯಿಂದ."

ತುದಿ ಎಂದರೆ ನನಗೆ ಗೊತ್ತು.
ಹದಿನಾರು ವರ್ಷದಿಂದ ಹುಡುಕಿದ್ದು ಅದನ್ನೇ,
ಕುದಿವ ನೀರಲ್ಲಿ ಕುಣಿವ ಗೂಡಿನ ತುದಿ.
ಸಿಕ್ಕರೆ ಒಂದೇ ಎಳೆ, ಅರ್ಧ ಮೈಲಿ.
ನನ್ನ ಬಣ್ಣ ಹೊರಟಿದ್ದೂ ತುದಿಯಿಂದಲೇ.
ಮೊದಲು ಕಿರುಬೆರಳಿನ ಉಗುರ ಸುತ್ತ ಸಾಸಿವೆಯಷ್ಟು,
ಆಮೇಲೆ ತುಟಿಯ ಮೂಲೆ, ಆಮೇಲೆ ಹತ್ತೂ ಬೆರಳು.
ಬಿಸಿನೀರಿನ ಕಾಟ ಅಂದರು ಓಣಿಯವರು.
ನನ್ನ ನೋಡಲು ಬಂದವರು ಏನೂ ಅನ್ನಲಿಲ್ಲ,
ನಾ ಕೊಟ್ಟ ಕಾಫಿ ಮುಟ್ಟದೆ ಎದ್ದರು.
"ಬರೀ ಚರ್ಮ, ಅಷ್ಟೆ," ಅಂದರು ಚಿಂತಾಮಣಿಯ ಡಾಕ್ಟರು,
ಬರೆದುಕೊಟ್ಟರು ಒಂದು ಟ್ಯೂಬು ಮುಲಾಮು.

ಎಂಟನೇ ದಿನ
ದೊಡ್ಡ ಮರಿಯ ಕಿವಿಯಂಚಿಗೆ
ಕಾಡಿಗೆ ಬೆರಳು ತಾಗಿದಂತೆ ಒಂದು ಗೆರೆ.
ಒರೆಸಿ ನೋಡಿದೆ. ಹೋಗಲಿಲ್ಲ.
ಹತ್ತಕ್ಕೆ ಕಣ್ಣು ಬಿಟ್ಟವು, ಮಬ್ಬು ನೀಲಿ,
ಬಿಳಿ ಪಂಚೆಗೆ ನೀಲಿ ಅದ್ದಿದ ಬಕೆಟ್ಟಿನ ನೀರು.
ಆಮೇಲೆ ಮೂಗು. ಆಮೇಲೆ ಬಾಲ.
ಪಿಳ್ಳಮ್ಮನದು ಹುಳುವಿನ ಲೆಕ್ಕ:
"ಒಂದನೇ ಜ್ವರ ಎದ್ದವು ನೋಡು, ಇನ್ನು ಮೂರು ಅವೆ."
ಹುಳುವಾಗಿದ್ದರೆ ನಾಲ್ಕನೇ ವಾರಕ್ಕೆ
ಚಂದ್ರಿಕೆ ಏರಿ ಗೂಡು ಕಟ್ಟಿ ಮುಗಿಸುತ್ತಿದ್ದವು.
ಇವೋ, ಬಾಲ ಎತ್ತಿ, ವಾಲಿ,
ರಾಟೆಯ ನೆರಳಿಗೆ ಪಂಜ ಬೀಸಿ
ಅಲ್ಲೇ ಮಗುಚಿ ಬಿದ್ದವು.
ಪೂರ್ತಿ ಬೆಳೆಯಲು ನಾಲ್ಕು ವರ್ಷವಂತೆ.
ಯಾವ ಹರಾಜಿಗೂ ಅವಸರವಿಲ್ಲ.

ಎತ್ತಿಕೊಂಡರೆ ಮೂಳೆ ಕಳಚಿಟ್ಟು ಬಂದಂತೆ
ತೋಳ ಮೇಲೆ ಜೋಲುತ್ತವೆ, ನೆನೆದ ಟವಲು.
ಇಲಿ ಹಿಡಿಯುತ್ತವಾ ಎಂದು ಕೇಳಬೇಡಿ.
ಇಲಿ ಬಂದರೆ ತಾಯಿ
ಸ್ವಲ್ಪ ಸರಿದು ಜಾಗ ಕೊಡುತ್ತದೆ.

ಚಿಕ್ಕ ಮರಿಯದು ಬೇರೆ ದಾರಿ.
ಕಿವಿ ಕಪ್ಪಾಯಿತು, ಬಾಲ ಕಪ್ಪಾಯಿತು,
ಹಣೆಯಿಂದ ತುಟಿಯವರೆಗೆ, ನಾಲ್ಕೂ ಪಾದಕ್ಕೆ
ಬಣ್ಣ ಬರಲೇ ಇಲ್ಲ.
ದಿನಾ ನೋಡಿದೆ, ಯಾರಿಗೂ ಹೇಳದೆ,
ಪಾದ ತಿರುಗಿಸಿ ಬಲ್ಬಿಗೆ ಹಿಡಿದು.
ಡಿಸೆಂಬರು. ನಂದಿ ಕಡೆಯ ಗಾಳಿ
ತಗಡಿನ ಸಂದಿಯಲ್ಲಿ ಸಿಳ್ಳೆ ಹಾಕುತ್ತಿತ್ತು.
ಒಂದು ರಾತ್ರಿ ಗೋಣಿ ಸರಿಸಿ
ಅದರ ಕಾಲನ್ನು ಚಳಿಗೆ ಬಿಟ್ಟೆ.
ನಾಚಿಕೆಯಾಗಿ ಮತ್ತೆ ಹೊದಿಸಿದೆ.

ಹೊಸಕೋಟೆಯಿಂದ ಕಾರಿನಲ್ಲಿ ಬಂದ ದಂಪತಿ
ಮೈತುಂಬ ಬಣ್ಣ ಬಂದ ಎರಡನ್ನೂ ಬಿಟ್ಟು
ಇದನ್ನೇ ಎತ್ತಿದರು.
"ಇಂಥ ಮುಖ ಸಿಗೋದೇ ಕಷ್ಟ," ಎಂದು
ಕೇಳುವ ಮೊದಲೇ ಮೂರು ಸಾವಿರ ಏರಿಸಿದರು.
ಆಕೆ ನನ್ನ ಕೈ ನೋಡಿದರು.
ಮರಿಯನ್ನು ತುಸು ಆಚೆ ಹಿಡಿದು,
ಬಿಳಿ ಪಾದ ಮುಟ್ಟಿ ಕೇಳಿದರು:
"ಇಲ್ಲಿಗೂ ಮುಂದೆ ಬಣ್ಣ ಬರುತ್ತಾ?"

"ಇಲ್ಲ," ಅಂದೆ. "ಇದು ಇಷ್ಟೇ.
ಹೀಗೇ ದೊಡ್ಡದಾಗುತ್ತೆ."

ಮುಬೀನಾ ನೋಟು ಎಣಿಸುತ್ತಿದ್ದಳು.
ನನ್ನ ಬಟ್ಟಲಲ್ಲಿ ಎಳೆ ಕಡಿದಿತ್ತು.
ತುದಿ ಹುಡುಕಲು ಕೈ ಇಳಿಸಿದೆ.