ನಾಲ್ಕಕ್ಕೆ ನಾಲ್ಕೇ ಗೀಟು

ಪಾಲಿಬೆಟ್ಟದ ಶಾಲೆ, ಐದನೇ ಕ್ಲಾಸು.
ಕರಿಹಲಗೆಯ ಮೇಲೆ ಮಾಚಮ್ಮ ಟೀಚರ್
ಒಂದು ಗೀಟು ಎಳೆದರು: ಒಂದು.
ಪಕ್ಕಕ್ಕೆ ಮತ್ತೊಂದು: ಎರಡು.
ಹಿಂದಿನ ಬೆಂಚಿನ ನಮಗೆ ನಗು.
ಇದೇನು ಹೊಸ ಪಾಠ?
ನಮ್ಮ ಲೈನ್ ಮನೆಯ ಗೋಡೆ ತುಂಬ ಇದೇ ತಾನೆ,
ಕುಯ್ದ ಕಾಫಿಯ ಮೂಟೆಗೊಂದರಂತೆ
ಅವ್ವ ಇದ್ದಿಲಲ್ಲಿ ಎಳೆದದ್ದು.

"ರೋಮಿನವರ ಲೆಕ್ಕ" ಎಂದರು ಟೀಚರ್.
ರೋಮು ಎಲ್ಲಿ ಎಂದದ್ದಕ್ಕೆ
ಕಿಟಕಿಯಾಚೆ ಕೈ ತೋರಿದರು, ಅಮ್ಮತ್ತಿಯ ಕಡೆಗೆ.
ಅಮ್ಮತ್ತಿಯಿಂದ ಬಸ್ಸಿನಲ್ಲಿ ಬರುವ ಮೂರು ಹುಡುಗರು
ಅವತ್ತಿಡೀ ನಮ್ಮ ಕಣ್ಣಿಗೆ ರೋಮಿನವರು.

ನಾಲ್ಕಕ್ಕೆ ಬಂದಾಗ ಕಥೆ ಕೆಟ್ಟಿತು.
ವಿ ಬರೆದು, ಅದರ ಎಡಕ್ಕೊಂದು ಗೀಟು.
"ಎಡಗಡೆ ನಿಂತದ್ದು ಕಳೆಯುತ್ತದೆ,
ಬಲಗಡೆ ನಿಂತದ್ದು ಕೂಡುತ್ತದೆ."
ಅದನ್ನೇ ಬಾಯಿಪಾಠ ಮಾಡುತ್ತ ತೋಟದ ದಾರಿ ಹಿಡಿದೆ,
ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳನ್ನು ಎಣಿಸುತ್ತ,
ಒಂಬತ್ತರಲ್ಲಿ ತಪ್ಪಿ
ಮತ್ತೆ ಮೊದಲ ಮರಕ್ಕೆ ಓಡುತ್ತ.

ಸಂಜೆ ಕಣದಲ್ಲಿ ತೂಕ. ಸಾಲಿನಲ್ಲಿ ಅವ್ವ,
ಸೊಂಟಕ್ಕೆ ಗೋಣಿ, ಬೆರಳ ಸಂದಿಯಲ್ಲಿ
ಚಿಗಳಿ ಕಚ್ಚಿದ ಕೆಂಪು.
ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದೆ.
ಅವ್ವ ಅಂಗೈ ಬಿಡಿಸಿದಳು: "ಐದೆಂದರೆ ಇದು."
ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಒಂದು ಕಡೆ.
ಮುಂಗೈ ಮೇಲೆ ಮುಂಗೈ ಅಡ್ಡ ಇಟ್ಟು: "ಹತ್ತು."
ಯಾರೂ ಹೇಳಿಕೊಟ್ಟಿರಲಿಲ್ಲ.
"ನಾಲ್ಕಕ್ಕೆ ಮಾತ್ರ ನಾಲ್ಕೇ ಗೀಟು.
ಬೇಕಾದರೆ ಗಡಿಯಾರ ನೋಡು."

ಆಫೀಸಿನಲ್ಲಿ ದೊರೆಗಳ ಕಾಲದ ಗಡಿಯಾರ.
ಅದು ಹತ್ತು ನಿಮಿಷ ಹಿಂದೆ;
ರೈಟರ್ ಹೇಳುವಂತೆ, ಊರೇ ಹತ್ತು ನಿಮಿಷ ಮುಂದೆ.
ಅಕ್ಷರ ಬಾರದ ಅವ್ವ ಹನ್ನೆರಡು ವರ್ಷ
ಅದನ್ನೇ ಓದಿಕೊಂಡು ಮನೆಗೆ ಬಂದವಳು.
ಕುರ್ಚಿ ಹತ್ತಿ ನೋಡಿದೆ:
ಮೂರರ ಕೆಳಗೆ, ಕಿಟಕಿಯ ಕಂಬಿಯ ಹಾಗೆ,
IIII.

ಟೀಚರ್ ನಂಬಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ
ಕೊಡೆಯೂರಿಕೊಂಡು ನನ್ನ ಹಿಂದೆಯೇ ಬಂದರು,
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.
"ಇದು ಗಡಿಯಾರದ ನಾಲ್ಕು.
ಪರೀಕ್ಷೆಯ ನಾಲ್ಕು ಬೇರೆ."

ಬೆಲ್ಲದ ಕಾಫಿಯ ಲೋಟ ಹಿಡಿದು
ನಮ್ಮ ಗೋಡೆಯ ಮುಂದೆ ನಿಂತರು.
"ಬೊಳಚಿ, ಇಲ್ಲೇಕೆ ಇಷ್ಟಗಲ ಖಾಲಿ?"
"ಅದು ಕಕ್ಕಡ. ಕೆಲಸ ಇಲ್ಲದ ದಿನಗಳು."
"ರೋಮಿನವರ ಬಳಿಯೂ ಸೊನ್ನೆ ಇರಲಿಲ್ಲ."
ಅವ್ವ ಒಲೆ ಊದುತ್ತಲೇ ಹೇಳಿದಳು:
"ಪುಣ್ಯವಂತರು."

ಬಟವಾಡೆಯ ದಿನ ರೈಟರ್ ಪುಸ್ತಕ ಓದಿದರು:
ಬೊಳಚಿ, ಹದಿನಾಲ್ಕು ಮೂಟೆ.
ಗೋಡೆಯಲ್ಲಿ ಹದಿನಾರಿತ್ತು.
ಅವ್ವ ಜಗಳ ತೆಗೆಯಲಿಲ್ಲ. ಕಣದ ಮೇಲೆ ಕೂತು
ಕಾಫಿ ಕಡ್ಡಿಗಳನ್ನು ಜೋಡಿಸಿದಳು,
ಅಡ್ಡ ಹಾಕಿದ ಎರಡು, ತುದಿ ಕೂಡಿದ ಎರಡು,
ಅದರ ಬಲಕ್ಕೆ ಒಂದು. XVI.
ಆಮೇಲೆ ಆ ಕೊನೆಯ ಕಡ್ಡಿಯನ್ನು ಎತ್ತಿ
ವಿಯ ಎಡಕ್ಕಿಟ್ಟಳು.
"ಕಡ್ಡಿ ಯಾವುದೂ ಕಳೆದಿಲ್ಲ, ರೈಟ್ರೇ.
ನಿಂತ ಜಾಗ ಬದಲಾಯಿತು ಅಷ್ಟೆ.
ನನ್ನೆರಡು ಮೂಟೆ ಎತ್ತ ಹೋಯಿತು?"
ಸಾಲಿನಲ್ಲಿ ಯಾರೋ ಕೆಮ್ಮಿದರು.
ರೈಟರ್ ಪೆನ್ನಿನ ಮುಚ್ಚಳ ಕಚ್ಚಿಕೊಂಡು
ಪುಟ ತಿರುವಿದರು, ಮತ್ತೆ ತಿರುವಿದರು,
ನಾಲ್ಕನ್ನು ಆರು ಮಾಡಿದರು.

ಮಾರ್ಚಿಯಲ್ಲಿ ಪರೀಕ್ಷೆ.
ನಾನು IV ಎಂದೇ ಬರೆದೆ. ಅಂಕ ಸಿಕ್ಕಿತು.
ಮನೆಗೆ ಬಂದು
ಗೋಡೆಗೆ ಬೆನ್ನು ಮಾಡಿ ಉಂಡೆ.
ಅವ್ವ ಏನೂ ಕೇಳಲಿಲ್ಲ.
ಒಲೆಯಿಂದ ಆರಿದ ಇದ್ದಿಲೊಂದನ್ನು ಆರಿಸಿ
"ಸ್ವಲ್ಪ ಸರಿ" ಎಂದಳು,
ನನ್ನ ತಲೆಯ ಮೇಲಿನ ಜಾಗದಲ್ಲಿ
ಅವತ್ತಿನದನ್ನು ಎಳೆದಳು.