ಹದಿಮೂರೂವರೆ ಇಂಚು

ಗದಗ ರಸ್ತೆಗೆ ಬೆನ್ನು ಮಾಡಿ ನಿಂತ ರೈಲ್ವೆ ಸಾಲು.
ಹತ್ತೊಂಬತ್ತು ಮನೆ, ಒಂದೇ ಸೂರು, ಒಂದೇ ಅಚ್ಚು.
ರಾತ್ರಿಪಾಳಿ ಮುಗಿಸಿ ಬಂದವರು
ಎಷ್ಟೋ ಸಲ ಪಕ್ಕದ ಮನೆಯ ಕದ ಬಡಿದಿದ್ದಾರಂತೆ.
ಟೇಪಿನ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ದಾವಲಸಾಬ ಗೌಂಡಿಯ ಹೆಬ್ಬೆರಳಡಿ.
ಕೆಡವುವ ಮೊದಲು ಅಳೆಯಬೇಕು.

“ನೋಡ್ರಿ ಅಕ್ಕಾರ, ಒಂದು ವರಸಿ ಉದ್ದಕ್ಕ, ಮ್ಯಾಲಿಂದು ಅಡ್ಡಕ್ಕ,
ಇಟ್ಟಂಗಿ ತಲಿ ಅಷ್ಟ ಹೊರಗ ಕಾಣಬೇಕು.
ಸಂದಿಗೆ ಸಂದಿ ಕೂಡಿದ್ರ ಗ್ವಾಡಿ ಸೀಳತೈತಿ.
ವಿಲಾಯತಿ ಕಟ್ಟು ಇದು, ಕೈ ಮಾತ್ರ ನಮ್ಮ ಮುತ್ಯಾಂದು.”

ನಕ್ಷೆ ಬರೆದವನು ಹುಬ್ಬಳ್ಳಿ ನೋಡಿರಲಿಲ್ಲ.
ಹಿಮ ಜಾರಲೆಂದು ಸೂರಿಗೆ ಇಳಿಜಾರು ಕೊಟ್ಟ,
ನಡುಮನೆಗೆ ಬೆಂಕಿಗೂಡು, ನೆತ್ತಿಗೆ ಹೊಗೆಗೊಳವೆ.
ಚೈತ್ರದ ಬಿಸಿಲಲ್ಲಿ ನಿಂತು
ಯಾರೋ ಅದನ್ನೂ ನಿಷ್ಠೆಯಿಂದ ಕಟ್ಟಿದರು.
ಒಂದು ದಿನವೂ ಕೆಂಡ ಕಾಣದ ಆ ಗೂಡಿನಲ್ಲಿ
ಒಬ್ಬರು ಕಟಕ ರೊಟ್ಟಿ ಪೇರಿಸಿದರು,
ಒಬ್ಬರು ಕಾವಿಗೆ ಕೋಳಿ ಕೂರಿಸಿದರು,
ಏಳನೇ ನಂಬರಿನಲ್ಲಿ ಗ್ಯಾಸ್ ಸಿಲಿಂಡರು.

ಎಂಟಕ್ಕೂ ಒಂಬತ್ತಕ್ಕೂ ನಡುವಿನ ಗೋಡೆ
ನಕ್ಷೆಯಲ್ಲಿ ಹದಿಮೂರೂವರೆ.
ತಳದಲ್ಲಿ ಹದಿಮೂರೂವರೆ. ತೊಲೆಯ ಕೆಳಗೂ ಅಷ್ಟೇ.
ಎದೆಮಟ್ಟದಲ್ಲಿ, ಒಂದೇ ಕಡೆ, ನಾಲ್ಕೂವರೆ.
ಮತ್ತೆ ಹಿಡಿದೆವು. ನಾಲ್ಕೂವರೆಯೇ.

ಈ ಕಡೆಯಿಂದ ನೀಲಗಂಗವ್ವ
ದೀಪಕ್ಕೊಂದು ಮಾಡ ಕೊರೆದಿದ್ದಳು, ಎಣ್ಣೆಜಿಡ್ಡು ಇನ್ನೂ ಇದೆ.
ಆ ಕಡೆಯಿಂದ ರೆಜಿನಮ್ಮ
ಮರಿಯಮ್ಮನಿಗೊಂದು ಗೂಡು, ಮೇಣದ ಹನಿಗಳು.
ಇಬ್ಬರ ನಡುವೆ ಉಳಿದದ್ದು ಒಂದು ಇಟ್ಟಂಗಿ.

ಅದರ ಸುತ್ತ ಗಾರೆ ಇರಲಿಲ್ಲ.
ದಾವಲಸಾಬ ಎರಡು ಬೆರಳಲ್ಲಿ ಎಳೆದ,
ಡಬ್ಬಿಯ ಮುಚ್ಚಳದಂತೆ ಬಂತು.
ಅಂಚು ಸವೆದು ನುಣ್ಣಗಾಗಿತ್ತು, ಬೀಸುಗಲ್ಲಿನ ಗೂಟದ ಹಾಗೆ.
ಕಿಂಡಿಯಾಚೆ ಒಂಬತ್ತನೇ ಮನೆಯ ಬೆಳಕು.

ಒಂದು ವಾಟಗ ತೂರುವಷ್ಟು ಜಾಗ.
ಬೆಳಗಿನ ಭೋಂಗಾ ಕೂಗಿ ಗಂಡಸರು ವರ್ಕ್‌ಶಾಪಿಗೆ ಹೋದ ಮೇಲೆ
ಅತ್ತ ಝುಣಕದ ವಡಿ ಹೋಗಿರಬೇಕು.
ಇತ್ತ ಏನು ಬಂತೋ,
ನೀಲಗಂಗವ್ವ ಲಿಂಗಪೂಜೆಯ ಮನೆಯಾಕೆ, ಕೇಳಬಾರದು.

“ಹುಡುಗ ಇದ್ದಾಗ ಇಲ್ಲೆ ಗಾರಿ ತುಂಬಾಕ ಬಂದಿದ್ನಿರಿ.
ಅದೊಂದು ಬಿಡಪಾ ಅಂದ್ಳು ಈಕಿ.
ಆ ಮನಿಗೆ ಹೋದ್ರ ಆಕಿನೂ ಅದನ್ನ ಅಂದ್ಳು.
ನಾ ಯಾಕ ಅನ್ನಲಿಲ್ಲ.”

ಅಳತೆ ಪುಸ್ತಕದಲ್ಲಿ ಗೋಡೆಗೆ ಒಂದೇ ಖಾನೆ: ದಪ್ಪ.
“ಏನ್ ಬರೀತೀರಿ?”
“ಹದಿಮೂರೂವರೆ” ಅಂದೆ.
ಅವನು ಇಟ್ಟಂಗಿ ತಿರುವಿ ನೋಡಿ
ಅರಿಶಿನ ಹತ್ತಿದ ಬದಿ ಎಂಟರ ಕಡೆ ಬರುವಂತೆ
ಇದ್ದಲ್ಲಿಗೇ ತಳ್ಳಿದ.

ಹೊರಗೆ ಜೆಸಿಬಿ ಬಂದು ನಿಂತಿತ್ತು.
ಡ್ರೈವರು ಚಹಾಕ್ಕೆ ಹೋಗಿದ್ದ.